ಮನೆಯಲ್ಲಿ ಏನೋ ಇದೆ ಅನ್ನಿಸಿದಾಗ: ಪದೇ ಪದೇ ಕೇಳುವ ಪ್ರಶ್ನೆಗಳು

ಹಳೇ ಹುಬ್ಬಳ್ಳಿಯ ನಮ್ಮ ಮನೆಯಲ್ಲಿ ಸುಮಾರು ಒಂದು ವರ್ಷ ಯಾರಿಗೂ ನೆಟ್ಟಗೆ ನಿದ್ದೆ ಇರಲಿಲ್ಲ. ಸುದ್ದಿ ಓಣಿ ದಾಟಿತು, ಬೀಗರ ಮನೆ ಮುಟ್ಟಿತು, ಗದಗ-ಹಾವೇರಿ ಕಡೆಯ ನೆಂಟರ ತನಕ ಹೋಯಿತು. ಈಗಲೂ ಯಾರಾದರೊಬ್ಬರು ಫೋನ್ ಮಾಡುತ್ತಾರೆ, ಇಲ್ಲಾ ಮದುವೆ ಮನೆಯಲ್ಲಿ ಪಕ್ಕಕ್ಕೆ ಕರೆದು ದನಿ ಇಳಿಸಿ ಕೇಳುತ್ತಾರೆ: "ನಮ್ಮನ್ಯಾಗೂ ಹಂಗ ಆಗಾಕತ್ತೈತ್ರಿ, ಏನ್ ಮಾಡೂದು?" ಕೇಳುವವರಿಗೆ ಭಯ ಇರುತ್ತದೆ, ನಾಚಿಕೆಯೂ ಇರುತ್ತದೆ. ಆ ಪ್ರಶ್ನೆಗಳನ್ನೆಲ್ಲ ಇಲ್ಲಿ ಒಂದು ಕಡೆ ಬರೆದಿದ್ದೇನೆ.

ನಿಮ್ಮ ಮನೆಯಲ್ಲಿ ಆಗಿದ್ದೇನು?

ನಮ್ಮ ಮಾವ ತೀರಿಕೊಂಡಿದ್ದರು. ವರ್ಷದೊಳಗೆ ಒಂದು ಶುಭಕಾರ್ಯ ಆಗಲಿ ಅಂತ ಏಪ್ರಿಲ್ ಕೊನೆಗೆ ಮೈದುನನ ಮದುವೆ ಮಾಡಿದೆವು. ಹೊಸ ಸೊಸೆ, ಅಂದರೆ ನನ್ನ ನೆಗೆಣ್ಣಿ, ಹಾವೇರಿ ಕಡೆಯವಳು.

ಅವಳು ಬಂದ ವಾರಕ್ಕೇ ಶುರುವಾಯಿತು. ರಾತ್ರಿ ಹಿಂದಿನ ಕೋಣೆಯ ಮೇಲೆ ಯಾರೋ ಕಾಲಿಟ್ಟು ನಡೆದಂತೆ ಸದ್ದು. ಅಡುಗೆಮನೆಯ ಬಾಗಿಲು ಚಿಲಕ ಹಾಕಿದ್ದರೂ ಬೆಳಗ್ಗೆ ಒಂದು ಗೇಣು ತೆರೆದಿರುತ್ತಿತ್ತು. ನಸುಕಿನಲ್ಲಿ ಬಚ್ಚಲಿನಿಂದ ನರಳುವ ದನಿ. ಒಂದು ದಿನ ನೆಗೆಣ್ಣಿ ನಾಲ್ಕು ಗಂಟೆಗೆ ನನ್ನ ಕೋಣೆಗೆ ಬಂದು ಕೌದಿ ಹಿಡಿದುಕೊಂಡು ನಿಂತಳು. "ಅಕ್ಕಾ, ಯಾರೋ ಎದಿ ಮ್ಯಾಲ ಕುಂತಿದ್ರು. ಚೀರಾಕ ಬರಲಿಲ್ಲ." ಅವಳ ಕೈ ತಣ್ಣಗಿತ್ತು.

ನೀವು ದೆವ್ವ ನಂಬುತ್ತೀರಾ, ಇಲ್ವಾ?

ಈ ಪ್ರಶ್ನೆಗೆ ಉತ್ತರ ಸಿಗೋ ತನಕ ಕಾದರೆ ಮನೆಯ ಕೆಲಸ ಆಗುವುದಿಲ್ಲ. ನಮ್ಮ ಅತ್ತೆ ನಂಬುತ್ತಾರೆ, ನಮ್ಮ ಮನೆಯವರು ನಂಬುವುದಿಲ್ಲ. ಇಬ್ಬರಿಗೂ ಆ ವರ್ಷ ನಿದ್ದೆ ಇರಲಿಲ್ಲ. ಹೆದರಿದವರ ಹೆದರಿಕೆ ನಿಜ. ಅದನ್ನು ಮೊದಲು ಒಪ್ಪಿಕೊಳ್ಳಿ. "ಸುಮ್ನೆ ಏನೇನೋ ಅಂದ್ಕೋಬ್ಯಾಡ" ಅಂದರೆ ಅವರು ಹೇಳುವುದನ್ನು ನಿಲ್ಲಿಸುತ್ತಾರೆ, ಹೆದರುವುದನ್ನು ನಿಲ್ಲಿಸುವುದಿಲ್ಲ.

ಮೊದಲು ಏನು ಮಾಡಬೇಕು?

ಜೀವಕ್ಕೆ ಕುತ್ತು ತರುವಂಥದ್ದು ಇದೆಯಾ ನೋಡಿ. ಪೂಜೆ, ಹೇಳಿಕೆ, ಕ್ಯಾಮೆರಾ ಎಲ್ಲಾ ಆಮೇಲೆ. ಮುಚ್ಚಿದ ಕೋಣೆಯಲ್ಲಿ ಕೆಂಡ ಇಡುತ್ತೀರಾ? ಬಚ್ಚಲಿನ ಒಳಗೆ ಗ್ಯಾಸ್ ಗೀಸರ್ ಇದೆಯಾ? ಮಲಗುವ ಕೋಣೆಯ ಹತ್ತಿರ ಕಾಳಿನ ಚೀಲಕ್ಕೆ ಗುಳಿಗೆ ಇಟ್ಟಿದ್ದೀರಾ? ನಲ್ಲಿ ಮುಟ್ಟಿದರೆ ಜುಂ ಅನ್ನುತ್ತದಾ? ಇವುಗಳಲ್ಲಿ ಯಾವುದಕ್ಕಾದರೂ ಹೌದು ಅಂತಾದರೆ ಅದನ್ನು ಇವತ್ತೇ ಸರಿ ಮಾಡಿ.

ಎರಡನೆಯದು, ಒಂದು ನೋಟ್‌ಬುಕ್ ಇಡಿ. ನಮ್ಮನ್ನು ಉಳಿಸಿದ್ದು ಅದೇ. ಮಗಳ ಹಳೆಯ ನೂರು ಪುಟದ ನೋಟ್‌ಬುಕ್‌ನಲ್ಲಿ ಗೆರೆ ಹೊಡೆದು ಮನೆ ಮಾಡಿದೆ. ದಿನಾಂಕ, ವೇಳೆ, ಯಾವ ಕೋಣೆ, ಯಾರು ಕೇಳಿದರು, ಆಗ ಕರೆಂಟ್ ಇತ್ತಾ, ಗಾಳಿ ಇತ್ತಾ, ಮಳೆ ಇತ್ತಾ, ಆ ದಿನ ನೀರು ಬಂದಿತ್ತಾ. ಒಬ್ಬರು ಬರೆದದ್ದನ್ನು ಇನ್ನೊಬ್ಬರಿಗೆ ತೋರಿಸದೆ ಬರೆಸಿದೆ. ತೋರಿಸಿದರೆ ಎರಡನೆಯವರಿಗೂ ಅದೇ ಕೇಳಿಸುತ್ತದೆ. ಇದು ಸುಳ್ಳು ಹೇಳುವ ಮಾತಲ್ಲ. ಹೆದರಿದ ಕಿವಿಯೇ ಹಾಗೆ. ಮೂರನೇ ವಾರಕ್ಕೆ ಪುಟಗಳೇ ಮಾತಾಡತೊಡಗಿದವು.

ರಾತ್ರಿ ಮೇಲೆ ಯಾರೋ ನಡೆದಾಡಿದಂತೆ ಕೇಳುತ್ತದೆ. ಏನಿರಬಹುದು?

ನಮ್ಮಲ್ಲಿ ಎರಡು ಕಾರಣ ಇತ್ತು. ಒಂದೇ ಕಾರಣ ಹುಡುಕಿದ್ದಕ್ಕೇ ನಾವು ಅಷ್ಟು ದಿನ ಒದ್ದಾಡಿದ್ದು.

ಹಿಂದಿನ ಕೋಣೆಗೆ ತಗಡಿನ ಚಾವಣಿ. ನಮ್ಮ ಕಡೆ ಏಪ್ರಿಲ್‌ನಲ್ಲಿ ಹಗಲು 37 ಡಿಗ್ರಿ ಹತ್ತಿರ ಬಿಸಿಲು, ನಸುಕಿಗೆ 21-22ಕ್ಕೆ ಇಳಿಯುತ್ತದೆ. ಹಗಲು ಹಿಗ್ಗಿದ ತಗಡು ರಾತ್ರಿ ಕುಗ್ಗುತ್ತದೆ. ಮೊಳೆಯ ಬಿಗಿಗೆ ಸಿಕ್ಕ ಜಾಗದಲ್ಲಿ ಒಮ್ಮೆಲೇ ಜಾರಿ ಟಪ್ ಅನ್ನುತ್ತದೆ. ಒಂದು ಮೊಳೆ, ಆಮೇಲೆ ಪಕ್ಕದ್ದು, ಆಮೇಲೆ ಅದರಾಚೆಯದು. ಕೆಳಗೆ ಮಲಗಿದವರಿಗೆ ಅದು ಹೆಜ್ಜೆಯೇ. ಹಳೆಯ ಮಾಳಿಗೆ ಮನೆಯ ತೊಲೆ, ಜಂತಿಗಳೂ ಹೀಗೇ ಸದ್ದು ಮಾಡುತ್ತವೆ. ನೋಟ್‌ಬುಕ್ ನೋಡಿದರೆ ಮೋಡ ಕವಿದ ದಿನ ಈ ಟಪ್ ಟಪ್ ಇರಲೇ ಇಲ್ಲ.

ಆದರೆ ಮಳೆ ಹಿಡಿದ ಮೇಲೂ ಅಟ್ಟದ ಮೇಲೆ ಇನ್ನೊಂದು ನಡಿಗೆ ಉಳಿಯಿತು, ಮೆತ್ತಗಿನದು. ಒಂದು ಸಂಜೆ ನಾನು ಅಟ್ಟ ಹತ್ತಿ, ಹಳೆಯ ಹಂಡೆ, ತೊಟ್ಟಿಲುಗಳ ನಡುವೆ ರಂಗೋಲಿ ಪುಡಿಯನ್ನು ತೆಳ್ಳಗೆ ಜರಡಿ ಹಿಡಿದು ಬಂದೆ. ಬೆಳಗ್ಗೆ ಅತ್ತೆಯವರನ್ನೇ ಮುಂದೆ ಮಾಡಿ ಹತ್ತಿಸಿದೆ. ಬಿಳಿ ಪುಡಿಯ ಮೇಲೆ ಸಣ್ಣ ಸಣ್ಣ ಕಾಲು, ನಡುವೆ ಬಾಲ ಎಳೆದ ಒಂದು ಗೆರೆ. ಅತ್ತೆ ಸೊಂಟದ ಮೇಲೆ ಕೈ ಇಟ್ಟುಕೊಂಡು ಬಹಳ ಹೊತ್ತು ನೋಡಿದರು. "ಹೆಗ್ಗಣ ಐತಿ" ಅಂದರು. ಅವತ್ತು ರಾತ್ರಿ ಅವರು ಮೊದಲ ಸಲ ದೀಪ ಆರಿಸಿ ಮಲಗಿದರು.

ಹೆಂಚಿನ ಮನೆಗಳಲ್ಲಿ ಪುನುಗು ಬೆಕ್ಕು ಕೂಡ ಓಡಾಡುತ್ತದೆ. ಇನ್ನು ಪಾಳು ಗೋಡೆ, ಗೋದಾಮುಗಳಲ್ಲಿ ಇರುವ ಬಿಳಿ ಮುಖದ ಕಣಜ ಗೂಬೆ ಗೂ ಗೂ ಅನ್ನುವುದಿಲ್ಲ, ಕಿರುಚುತ್ತದೆ. ಗೊತ್ತಿಲ್ಲದವರಿಗೆ ಹೆಂಗಸು ಚೀರಿದಂತೆಯೇ ಕೇಳುತ್ತದೆ.

ನಲ್ಲಿಯಿಂದ ನರಳುವ ದನಿ ಬರುತ್ತದೆ. ಅದೂ ನಸುಕಿನಲ್ಲೇ.

ಹುಬ್ಬಳ್ಳಿ-ಧಾರವಾಡದಲ್ಲಿ ಇದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಮ್ಮ ನೀರು ಮಲಪ್ರಭೆಯ ನವಿಲುತೀರ್ಥದ ಕಡೆಯಿಂದಲೋ ನೀರಸಾಗರದಿಂದಲೋ ಬರಬೇಕು. ಎಷ್ಟೋ ಓಣಿಗಳಲ್ಲಿ ದಿನಾ ಬರುವುದಿಲ್ಲ, ಐದಾರು ದಿನಕ್ಕೊಮ್ಮೆ ಬರುತ್ತದೆ. ನಡುವಿನ ದಿನ ಪೈಪ್ ಖಾಲಿ, ಒಳಗೆಲ್ಲ ಗಾಳಿ. ವಾಲ್ವ್ ತಿರುಗಿಸಿದ ಕೂಡಲೇ ನೀರು ಆ ಗಾಳಿಯನ್ನು ಮುಂದಕ್ಕೆ ನೂಕುತ್ತದೆ. ಅರ್ಧ ಬಿಗಿಯಾದ ನಲ್ಲಿಯ ವಾಷರ್ ಸಂದಿಯಿಂದ ಅದು ಹೊರಬರುವಾಗ ಪೀಪಿಯಂತೆ ದನಿ ಮಾಡುತ್ತದೆ. ಮೊದಲು ಗೊರಗೊರ, ಆಮೇಲೆ ನರಳಾಟ, ಆಮೇಲೆ ನೀರು.

ನಮ್ಮ ನೋಟ್‌ಬುಕ್‌ನಲ್ಲಿ ನರಳಾಟದ ದಿನ ಮತ್ತು ನೀರು ಬಂದ ದಿನ ಒಂದೇ ಆಗಿದ್ದವು, ಒಂದು ದಿನವೂ ತಪ್ಪದೆ. ಮೊದಲು ನಮಗೆ ಹೊಳೆಯಲಿಲ್ಲ ಯಾಕೆಂದರೆ, ದನಿ ಬಂದಾಗ ನಾವೆಲ್ಲ ಮುಸುಕು ಹಾಕಿಕೊಂಡು ಮಲಗಿರುತ್ತಿದ್ದೆವು. ನೀರು ಬಂದಿದ್ದು ಗೊತ್ತಾಗುತ್ತಿದ್ದದ್ದು ಬೆಳಕಾದ ಮೇಲೆ. ಹೊಸ ವಾಷರ್ ಹಾಕಿಸಿದೆವು, ನಿಂತಿತು.

ಬಾಗಿಲು ತಾನಾಗಿ ತೆರೆಯುತ್ತದೆ. ಗೋಡೆ ಬಿರುಕು ಬಿಡುತ್ತಿದೆ. ಮನೆಗೆ ದೋಷ ಇದೆ ಅಂತ ಹೇಳಿದ್ದಾರೆ.

ಮನೆ ಎಂಥ ಮಣ್ಣಿನ ಮೇಲಿದೆ ನೋಡಿ. ಹುಬ್ಬಳ್ಳಿಯ ಹಲವು ಕಡೆ, ಮುಂದೆ ನವಲಗುಂದ, ಅಣ್ಣಿಗೇರಿ, ಗದಗ, ರೋಣದ ತನಕ ಎರೆ ಭೂಮಿ. ಹತ್ತಿ, ಕಡಲೆ, ಬಿಳಿಜೋಳಕ್ಕೆ ಬಂಗಾರದಂಥ ಮಣ್ಣು. ಆದರೆ ಮನೆಗೆ ಕಷ್ಟದ ಮಣ್ಣು. ಮಳೆ ಬಿದ್ದರೆ ಈ ಜೇಡಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಗೆ ಒಣಗಿ ಕುಗ್ಗುತ್ತದೆ. ಹೊಲದಲ್ಲಿ ಕೈ ಹೋಗುವಷ್ಟು ಬಿರುಕು ನೋಡಿಲ್ವಾ? ಅದೇ ಮಣ್ಣು ಪಾಯದ ಕೆಳಗೂ ಇದೆ. ಪಾಯ ಒಂದು ಮೂಲೆಯಲ್ಲಿ ಕೂದಲೆಳೆ ಇಳಿದರೂ ಬಾಗಿಲ ಚೌಕಟ್ಟು ಓರೆಯಾಗುತ್ತದೆ. ಆಗ ಚಿಲಕದ ನಾಲಿಗೆ ತೂತಿನಲ್ಲಿ ಪೂರ್ತಿ ಕೂರುವುದಿಲ್ಲ. ಸ್ವಲ್ಪ ಗಾಳಿ ಸಾಕು, ಬಾಗಿಲು ಸರಿಯುತ್ತದೆ. ಆಷಾಢದ ಗಾಳಿಯಂತೂ ಕೇಳಲೇಬೇಡಿ.

ನಮ್ಮ ಅಡುಗೆಮನೆ ಬಾಗಿಲಿಗೆ ಬಡಿಗೇರರು ಬಂದು ಗುಂಡುದಾರ ಇಳಿಬಿಟ್ಟು ತೋರಿಸಿದರು. ಚೌಕಟ್ಟು ಮುಕ್ಕಾಲು ಇಂಚು ವಾಲಿತ್ತು. ಬಿರುಕು ವರ್ಷದಿಂದ ವರ್ಷಕ್ಕೆ ಅಗಲವಾಗುತ್ತಿದ್ದರೆ ಪೆನ್ಸಿಲ್‌ನಿಂದ ಅದರ ತುದಿಗೆ ಗುರುತು ಹಾಕಿ ದಿನಾಂಕ ಬರೆಯಿರಿ. ಮುಂದುವರಿದರೆ ಇಂಜಿನಿಯರ್‌ಗೆ ತೋರಿಸಿ.

ಸ್ವಿಚ್ ಆಫ್ ಮಾಡಿದರೂ ಬಲ್ಬ್ ಮಿಣುಕುತ್ತದೆ.

ಎಲ್‌ಇಡಿ ಬಲ್ಬಿಗೆ ಬೆಳಗಲು ತೀರಾ ಕಡಿಮೆ ಕರೆಂಟ್ ಸಾಕು. ವೈರಿಂಗ್ ಮಾಡಿದವರು ಸ್ವಿಚ್ಚನ್ನು ಫೇಸ್ ವೈರಿಗೆ ಹಾಕುವ ಬದಲು ನ್ಯೂಟ್ರಲ್‌ಗೆ ಹಾಕಿದ್ದರೆ, ಇಲ್ಲಾ ಸ್ವಿಚ್ಚಿನಲ್ಲೇ ಸಣ್ಣ ಕೆಂಪು ದೀಪ ಇದ್ದರೆ, ಹೀಗಾಗುತ್ತದೆ. ಮೊದಲನೆಯದು ಅಪಾಯ, ಯಾಕೆಂದರೆ ಆಫ್ ಮಾಡಿದ್ದರೂ ಹೋಲ್ಡರ್‌ನಲ್ಲಿ ಕರೆಂಟ್ ಇರುತ್ತದೆ. ಇನ್ನು ಒಂದು ಕೋಣೆಯ ದೀಪ ಸಿಕ್ಕಾಪಟ್ಟೆ ಉರಿದು ಇನ್ನೊಂದು ಮಂಕಾದರೆ ನ್ಯೂಟ್ರಲ್ ಸಡಿಲಾಗಿರಬಹುದು. ಮೇನ್ ಆಫ್ ಮಾಡಿ ಕರೆಂಟಿನ ಸಹಾಯವಾಣಿ 1912ಕ್ಕೆ ಫೋನ್ ಮಾಡಿ.

ಎದೆಯ ಮೇಲೆ ಯಾರೋ ಕೂತಂತೆ ಆಗುತ್ತದೆ, ಕೈಕಾಲು ಅಲುಗುವುದಿಲ್ಲ, ಕಣ್ಣು ಮಾತ್ರ ಬಿಟ್ಟಿರುತ್ತದೆ. ಇದೂ ಭ್ರಮೆಯಾ?

ಭ್ರಮೆ ಅಂತ ಮಾತ್ರ ಹೇಳಿ ಕೈ ಬಿಡಬೇಡಿ. ಇದು ಮೈಯಲ್ಲಿ ನಿಜವಾಗಿ ಆಗುವ ಸಂಗತಿ. ಇದಕ್ಕೆ ನಿದ್ರಾ ಪಾರ್ಶ್ವವಾಯು ಅನ್ನುತ್ತಾರೆ. ಲಕ್ವಾಕ್ಕೂ ಇದಕ್ಕೂ ಸಂಬಂಧ ಇಲ್ಲ.

ನಾವು ಕನಸು ಕಾಣುವಾಗ ಮಿದುಳು ಕೈಕಾಲಿನ ಸ್ನಾಯುಗಳನ್ನು ಸಡಿಲ ಬಿಟ್ಟಿರುತ್ತದೆ. ಇಲ್ಲದಿದ್ದರೆ ಕನಸಿನಲ್ಲಿ ಓಡಿದ್ದನ್ನೆಲ್ಲ ಹಾಸಿಗೆಯಲ್ಲೇ ಓಡಿಬಿಡುತ್ತಿದ್ದೆವು. ಕೆಲವೊಮ್ಮೆ ಎಚ್ಚರ ಬೇಗ ಬರುತ್ತದೆ, ಸ್ನಾಯುಗಳ ಬೀಗ ತಡವಾಗಿ ಬಿಡುತ್ತದೆ. ಕಣ್ಣು ತೆರೆದಿದೆ, ಕೋಣೆ ಕಾಣುತ್ತಿದೆ, ಕನಸೂ ಮುಗಿದಿಲ್ಲ. ಆ ನಡುವಿನ ಹೊತ್ತಿನಲ್ಲಿ ಬಾಗಿಲ ಬಳಿ ಯಾರೋ ನಿಂತಂತೆ, ಎದೆ ಒತ್ತಿದಂತೆ ಅನ್ನಿಸುತ್ತದೆ. ಜಗತ್ತಿನ ಎಷ್ಟೋ ಊರುಗಳಲ್ಲಿ ಜನ ಹೇಳುವುದು ಇದೇ ಮಾತು. ನೂರರಲ್ಲಿ ಸುಮಾರು ಎಂಟು ಜನರಿಗೆ ಜೀವನದಲ್ಲಿ ಒಮ್ಮೆಯಾದರೂ ಹೀಗೆ ಆಗಿರುತ್ತದೆ. ನಿದ್ದೆಗೆಟ್ಟವರಿಗೆ, ಹೊತ್ತಿಲ್ಲದ ಹೊತ್ತಿಗೆ ಮಲಗುವವರಿಗೆ, ಚಿಂತೆಯಲ್ಲಿ ಇರುವವರಿಗೆ, ಅಂಗಾತ ಮಲಗುವವರಿಗೆ ಜಾಸ್ತಿ.

ಈಗ ನನ್ನ ನೆಗೆಣ್ಣಿಯ ದಿನಚರಿ ನೋಡಿ. ಹೊಸ ಮನೆ. ರಾತ್ರಿ ಎಲ್ಲರ ಊಟ ಆಗಿ ಪಾತ್ರೆ ಮುಗಿಯುವಾಗ ಹನ್ನೊಂದೂವರೆ. ಬೆಳಗ್ಗೆ ಐದಕ್ಕೆ ಎದ್ದು ಬಾಗಿಲಿಗೆ ನೀರು ಹಾಕಬೇಕು. ಅವಳ ನಿದ್ದೆ ನಾವೇ ಕಿತ್ತುಕೊಂಡಿದ್ದೆವು. ಏಳು ಗಂಟೆ ತನಕ ಮಲಗಲು ಬಿಟ್ಟೆವು. ಮಗ್ಗುಲಾಗಿ ಮಲಗು ಅಂತ ಹೇಳಿದೆ. ಹಾಗಾದಾಗ ಒಂದು ಬೆರಳನ್ನಷ್ಟೇ ಅಲುಗಿಸಲು ನೋಡು, ಒಂದೆರಡು ನಿಮಿಷದಲ್ಲಿ ಬಿಡುತ್ತದೆ ಅಂದೆ. ತಿಂಗಳಲ್ಲಿ ಕಡಿಮೆಯಾಯಿತು.

ಪದೇ ಪದೇ ಆಗುತ್ತಿದ್ದರೆ, ಹಗಲು ಕೂತಲ್ಲೇ ತಡೆಯಲಾಗದ ನಿದ್ದೆ ಬರುತ್ತಿದ್ದರೆ ಡಾಕ್ಟರಿಗೆ ತೋರಿಸಿ.

ಆ ಮನೆಗೆ ಹೋದಾಗಿನಿಂದ ಎಲ್ಲರಿಗೂ ತಲೆನೋವು, ವಾಂತಿ, ಏನೇನೋ ಕಾಣುತ್ತದೆ. ಹೊರಗೆ ಬಂದರೆ ಸರಿಹೋಗುತ್ತದೆ.

ಇದನ್ನು ಓದುತ್ತಿರುವಾಗ ಹೀಗಾಗುತ್ತಿದ್ದರೆ ಕಿಟಕಿ ಬಾಗಿಲು ತೆಗೆದು ಎಲ್ಲರೂ ಹೊರಗೆ ಬನ್ನಿ.

ಇದು ಕಾರ್ಬನ್ ಮಾನಾಕ್ಸೈಡ್ ಇರಬಹುದು. ಕೆಂಡ, ಸೌದೆ, ಗ್ಯಾಸ್ ಯಾವುದೇ ಆಗಲಿ, ಗಾಳಿ ಸಾಲದೆ ಉರಿದಾಗ ಹುಟ್ಟುವ ವಿಷ. ಬಣ್ಣ ಇಲ್ಲ, ವಾಸನೆ ಇಲ್ಲ. ಅಮೆರಿಕದ ಕಣ್ಣಿನ ಡಾಕ್ಟರ್ ವಿಲಿಯಂ ವಿಲ್ಮರ್ 1921ರಲ್ಲಿ ಒಂದು ಕುಟುಂಬದ ಕಥೆಯನ್ನು ವೈದ್ಯಕೀಯ ಪತ್ರಿಕೆಯಲ್ಲಿ ಬರೆದಿದ್ದರು. ಹೊಸ ಮನೆಗೆ ಹೋದ ಮೇಲೆ ಅವರಿಗೆ ತಲೆನೋವು, ಸುಸ್ತು. ರಾತ್ರಿ ಹೆಜ್ಜೆ ಸದ್ದು, ಆಕೃತಿಗಳು. ಮನೆಯೊಳಗಿನ ಗಿಡಗಳೂ ಬಾಡಿದವು. ಕೊನೆಗೆ ನೋಡಿದರೆ ಮನೆ ಬೆಚ್ಚಗಿಡುವ ಕುಲುಮೆ ಕೆಟ್ಟು, ಅದರ ಹೊಗೆ ಒಳಗೇ ತುಂಬುತ್ತಿತ್ತು. ಸರಿ ಮಾಡಿಸಿದ ಮೇಲೆ ಎಲ್ಲವೂ ನಿಂತಿತು.

ನಮ್ಮಲ್ಲಿ ಅಂಥ ಕುಲುಮೆ ಇಲ್ಲ, ಆದರೆ ಬಾಣಂತಿ ಕೋಣೆ ಇದೆ. ಹೊರಸಿನ ಕೆಳಗೆ ಕೆಂಡ, ಗಾಳಿ ಸೋಕಬಾರದು ಅಂತ ಕಿಟಕಿಗೆ ಕೌದಿ. ತಾಯಿ ಮತ್ತು ಹಸುಗೂಸು ಇಬ್ಬರೂ ಒಳಗೆ. ದಯವಿಟ್ಟು ಹೀಗೆ ಮಾಡಬೇಡಿ. ಕಾಸುವುದಿದ್ದರೆ ಕಿಟಕಿ ತೆರೆದಿಟ್ಟು ಕಾಸಿ, ಮಲಗುವ ಮೊದಲು ಶೇಗಡಿ ಹೊರಗಿಡಿ. ಗ್ಯಾಸ್ ಗೀಸರ್ ಬಚ್ಚಲಿನ ಹೊರಗೇ ಇರಲಿ.

ಬೆಳ್ಳುಳ್ಳಿಯಂಥ, ಕೊಳೆತ ಮೀನಿನಂಥ ವಾಸನೆ ಬಂದರೆ ಅದು ಬೇರೆ ವಿಷ. ಜೋಳ, ಗೋವಿನಜೋಳಕ್ಕೆ ಹುಳ ಬೀಳದಂತೆ ಇಡುವ ಗುಳಿಗೆಯಿಂದ ಫಾಸ್ಫೀನ್ ಅನ್ನುವ ಅನಿಲ ಬರುತ್ತದೆ. ಅದು ಬಾಗಿಲ ಸಂದಿಯಿಂದಲೂ ಪಕ್ಕದ ಕೋಣೆಗೆ ಸರಿಯುತ್ತದೆ, ಜೀವ ತೆಗೆಯುತ್ತದೆ. ಜನ ಮಲಗುವ ಮನೆಯೊಳಗೆ ಆ ಗುಳಿಗೆ ಬೇಡವೇ ಬೇಡ.

ನಮ್ಮ ಹಳ್ಳಿ ಮನೆಯ ಹಗೇವಿನಲ್ಲಿ ಇಳಿದವರನ್ನು ಏನೋ ಎಳೆದುಕೊಳ್ಳುತ್ತದೆ ಅಂತಾರೆ.

ಎಳೆದುಕೊಳ್ಳುವುದು ಕೆಟ್ಟ ಗಾಳಿ. ಹಗೇವಿನಲ್ಲಿ ತುಂಬಿಟ್ಟ ಜೋಳವೂ ಉಸಿರಾಡುತ್ತದೆ. ಮುಚ್ಚಿದ ಗುಂಡಿಯ ಆಮ್ಲಜನಕ ತೀರಿ ಇಂಗಾಲದ ಡೈಆಕ್ಸೈಡ್ ತುಂಬುತ್ತದೆ. ಇಳಿದವರು ಕೂಗುವ ಮೊದಲೇ ಬೀಳುತ್ತಾರೆ. ಎತ್ತಲು ಹೋದವರೂ ಬೀಳುತ್ತಾರೆ. ಹಿರಿಯರು ಮುಚ್ಚಳ ತೆಗೆದು ಬಹಳ ಹೊತ್ತು ಬಿಟ್ಟು, ಕಂದೀಲು ಇಳಿಬಿಟ್ಟು ನೋಡುತ್ತಿದ್ದದ್ದು ಇದಕ್ಕೇ. ಕಂದೀಲು ಉರಿದರೂ ಅದೊಂದನ್ನೇ ನಂಬಬೇಡಿ. ಸೊಂಟಕ್ಕೆ ಹಗ್ಗ ಇಲ್ಲದೆ, ಮೇಲೆ ಇಬ್ಬರು ಇಲ್ಲದೆ ಯಾರೂ ಇಳಿಯಬಾರದು.

ಅಜ್ಜ ದಿನಾ ಸಂಜೆ ಗೋಡೆ ಪಕ್ಕ ಮಕ್ಕಳು ಕೂತಿದ್ದಾರೆ ಅನ್ನುತ್ತಾರೆ. ಉಳಿದೆಲ್ಲ ಮಾತು ಸರಿ ಇದೆ.

ಕಣ್ಣು ತೋರಿಸಿ. ಪೊರೆ ಬಂದು, ಇಲ್ಲಾ ಬೇರೆ ಕಾರಣಕ್ಕೆ ನೋಟ ಮಂಜಾದವರಿಗೆ ಮಿದುಳು ತಾನೇ ಚಿತ್ರ ತುಂಬಿ ತೋರಿಸುತ್ತದೆ. ಸ್ವಿಟ್ಜರ್ಲೆಂಡಿನ ಚಾರ್ಲ್ಸ್ ಬಾನೆ 1760ರಲ್ಲೇ ತಮ್ಮ ಅಜ್ಜನಿಗೆ ಹೀಗಾಗುತ್ತಿದ್ದುದನ್ನು ಬರೆದಿಟ್ಟರು. ಇದಕ್ಕೆ ಬಾನೆಯವರದೇ ಹೆಸರು. ಇಂಥವರಿಗೆ ಹುಚ್ಚಲ್ಲ. "ಹೌದಾ ಅಜ್ಜಾ, ಏನು ಮಾಡಾಕತ್ತಾರ?" ಅಂತ ಕೇಳಿ, ದೀಪ ಜೋರು ಮಾಡಿ.

ಆದರೆ ಒಂದೆರಡು ದಿನದಲ್ಲೇ ಒಮ್ಮೆಲೇ ಶುರುವಾಗಿ, ಮಾತು ತಪ್ಪಿ, ಜ್ವರವೋ ಮೂತ್ರದ ತೊಂದರೆಯೋ ಇದ್ದರೆ ಕೂಡಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ವಯಸ್ಸಾದವರಲ್ಲಿ ಸೋಂಕು ಹೀಗೇ ಮುಖ ತೋರಿಸುತ್ತದೆ. ಮರೆವಿನ ಕೆಲವು ಕಾಯಿಲೆಗಳಲ್ಲೂ ಮನುಷ್ಯರು ಕಾಣುತ್ತಾರೆ.

ತೀರಿಕೊಂಡವರ ದನಿ ಕೇಳಿಸಿತು. ಹೇಳಿದರೆ ಹುಚ್ಚು ಅಂತಾರೆ.

ಹೇಳಿ. 1971ರಲ್ಲಿ ಅಚ್ಚಾದ ಅಧ್ಯಯನಕ್ಕಾಗಿ ಡೆವಿ ರೀಸ್ ಅನ್ನುವ ಡಾಕ್ಟರ್ ವೇಲ್ಸ್ ದೇಶದ ತಮ್ಮ ಊರ ಕಡೆಯ 293 ಜನರನ್ನು ಮಾತಾಡಿಸಿದ್ದರು. ಎಲ್ಲರೂ ಗಂಡನನ್ನೋ ಹೆಂಡತಿಯನ್ನೋ ಕಳೆದುಕೊಂಡವರು. ಅವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ಹೋದವರು ಹತ್ತಿರ ಇದ್ದಂತೆ ಅನ್ನಿಸಿತ್ತು. ಕೆಲವರಿಗೆ ಕಂಡಿದ್ದರು, ಕೆಲವರಿಗೆ ದನಿ ಕೇಳಿತ್ತು. ಬಹಳ ಜನರಿಗೆ ಅದು ಸಮಾಧಾನ ಕೊಟ್ಟಿತ್ತು. ಆದರೆ ಹೆಚ್ಚಿನವರು ಅದುವರೆಗೆ ಯಾರ ಮುಂದೂ ಬಾಯಿ ಬಿಟ್ಟಿರಲಿಲ್ಲ.

ನಮ್ಮ ಅತ್ತೆಗೆ ಬೆಳಗಿನ ಜಾವ ಮಾವನ ಕೆಮ್ಮು ಕೇಳಿಸುತ್ತಿತ್ತು. ನಲವತ್ತೆರಡು ವರ್ಷ ಆ ಕೆಮ್ಮಿಗೆ ಎದ್ದು ಚಹಾ ಇಟ್ಟವರು ಅವರು. ಅದನ್ನು ನಾನು ನೋಟ್‌ಬುಕ್‌ನಲ್ಲಿ ಬರೆಯಲಿಲ್ಲ, ಕಾರಣವನ್ನೂ ಹುಡುಕಲಿಲ್ಲ. ಜೊತೆಗೆ ಎದ್ದು ಕೂತೆ. ದುಃಖ ತಿಂಗಳುಗಟ್ಟಲೆ ಇಳಿಯದೆ ಊಟ ಬಿಟ್ಟರೆ, ನಾನೂ ಅವರ ಹಿಂದೆ ಹೋಗುತ್ತೇನೆ ಅಂದರೆ, ಆಗ ತಡ ಮಾಡಬಾರದು.

ಕ್ಯಾಮೆರಾದಲ್ಲಿ ಬಿಳಿ ಉಂಡೆ ತೇಲುತ್ತದೆ.

ಧೂಳು, ಇಲ್ಲಾ ಹುಳ. ರಾತ್ರಿ ಕ್ಯಾಮೆರಾ ತನ್ನದೇ ಇನ್‌ಫ್ರಾರೆಡ್ ಬೆಳಕು ಬಿಡುತ್ತದೆ. ಲೆನ್ಸ್ ಹತ್ತಿರ ಹಾರುವ ಕಣ ಹೊಳೆದು ದೊಡ್ಡ ಉಂಡೆಯಾಗಿ ಕಾಣುತ್ತದೆ. ಒರೆಸಿ, ಜೇಡರ ಬಲೆ ತೆಗೆಯಿರಿ.

ಯಾರೂ ಇಲ್ಲದಿದ್ದರೂ ಒಂದು ಕೋಣೆಯಲ್ಲಿ ಮೈ ಜುಂ ಅನ್ನುತ್ತದೆ.

ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ ವಿಕ್ ಟ್ಯಾಂಡಿ ಅನ್ನುವ ಇಂಜಿನಿಯರ್‌ಗೆ ತಮ್ಮ ಲ್ಯಾಬಿನಲ್ಲಿ ಹೀಗೇ ಆಗಿತ್ತು. ಕಣ್ಣಂಚಿಗೆ ಬೂದು ಆಕೃತಿಯೂ ಕಂಡಿತ್ತು. ಹುಡುಕಿದಾಗ ಒಂದು ಫ್ಯಾನ್ ಸೆಕೆಂಡಿಗೆ ಸುಮಾರು 19 ಸಲದ ಕಂಪನ ಎಬ್ಬಿಸುತ್ತಿತ್ತು. ನಮ್ಮ ಕಿವಿ ಸಾಮಾನ್ಯವಾಗಿ 20ರಿಂದ ಮೇಲಿನದ್ದನ್ನು ಕೇಳುತ್ತದೆ. 1998ರಲ್ಲಿ ಅವರು ಇದನ್ನು ಬರೆದರು. ಎಲ್ಲರಿಗೂ ಹಾಗೇ ಆಗುತ್ತದೆ ಅಂತ ಸಾಬೀತಾಗಿಲ್ಲ. ಆದರೂ ಎಕ್ಸಾಸ್ಟ್ ಫ್ಯಾನ್, ಪಂಪ್, ಪಕ್ಕದ ಹಿಟ್ಟಿನ ಗಿರಣಿ ನಿಲ್ಲಿಸಿದಾಗ ಆ ಭಾವ ಹೋಗುತ್ತದಾ ನೋಡುವುದರಲ್ಲಿ ತಪ್ಪಿಲ್ಲ.

ಸೊಸೆ ಬಂದ ಮೇಲೇ ಇದೆಲ್ಲ ಶುರುವಾಯಿತು. ಅವಳ ಕಾಲ್ಗುಣ ಇರಬಹುದಾ?

ಇಲ್ಲ.

ನನಗೆ ಎಲ್ಲಕ್ಕಿಂತ ಹೆಚ್ಚು ಬರುವ ಪ್ರಶ್ನೆ ಇದು. ಎಲ್ಲಕ್ಕಿಂತ ಹೆಚ್ಚು ನೋವು ಕೊಡುವುದೂ ಇದೇ. ಸದ್ದು ಎಲ್ಲಿಂದ ಬರುತ್ತದೆ ಅಂತ ಗೊತ್ತಾಗದಿದ್ದಾಗ ಮನೆಯವರ ಕಣ್ಣು ಮನುಷ್ಯರ ಮೇಲೆ ಹೋಗುತ್ತದೆ. ಯಾರ ಪರವಾಗಿ ಮಾತಾಡುವವರು ಕಡಿಮೆಯೋ ಅವರ ಮೇಲೆ ಹೋಗಿ ನಿಲ್ಲುತ್ತದೆ. ಹೊಸ ಸೊಸೆ, ಗಂಡ ಬಿಟ್ಟ ಮಗಳು, ಮಾತಾಡದ ಹುಡುಗ, ಕೆಲಸದವಳು.

ನಮ್ಮ ಮನೆಯಲ್ಲಿ ಆರು ವಾರ ನೆಗೆಣ್ಣಿಯ ಕೈಯಿಂದ ದೇವರ ಮನೆಯ ನೀರು ತರಿಸಲಿಲ್ಲ. ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಕೊಡ ಮಾತ್ರ ಅವಳ ಕೈಗೆ ಕೊಡಲಿಲ್ಲ. ನಾನು ಹಿರೇಸೊಸೆ. ನೋಡಿಯೂ ಸುಮ್ಮನಿದ್ದೆ. ಆಮೇಲೆ ಅವಳ ಮುಂದೆ ತಪ್ಪಾಯಿತು ಅಂದೆ. ಅವಳು "ಇರ್ಲಿ ಬಿಡ ಅಕ್ಕಾ" ಅಂದಳು. ಆ ಆರು ವಾರ ಅವಳಿಗೆ ತಿರುಗಿ ಸಿಗುವುದಿಲ್ಲ.

ತಗಡು ಅವಳು ಬರುವ ಹಿಂದಿನ ಬೇಸಿಗೆಯಲ್ಲೂ ಟಪ್ ಅಂದಿತ್ತು. ಆಗ ನಾವು ಕಿವಿ ಕೊಟ್ಟಿರಲಿಲ್ಲ, ಅಷ್ಟೇ.

ಮನೆ ಮೇಲೆ ಕಲ್ಲು ಬೀಳುತ್ತಿವೆ, ಬಟ್ಟೆಗೆ ತಾನಾಗಿ ಬೆಂಕಿ ಹತ್ತುತ್ತದೆ. ಬಾನಾಮತಿ ಅನ್ನೋ ಮಾಟನಾ?

ಕಲಬುರಗಿ, ಬೀದರ ಕಡೆ ಈ ಮಾತು ಹೆಚ್ಚು, ನಮ್ಮಲ್ಲೂ ಕೇಳಿಬರುತ್ತದೆ. ಕಲ್ಲಿಗೆ ಕೈ ಬೇಕು, ಬೆಂಕಿಗೆ ಕಡ್ಡಿ ಬೇಕು. ಎಷ್ಟೋ ಸಲ ಆ ಕೈ ಮನೆಯೊಳಗಿನದೇ ಆಗಿರುತ್ತದೆ, ಅದೂ ಸಣ್ಣ ಕೈ. ಹೊಡೆಯಬೇಡಿ. ಹತ್ತು ಜನರ ಮುಂದೆ ನಿಲ್ಲಿಸಬೇಡಿ. ಹೇಳಿಕೊಳ್ಳಲಾಗದ್ದು ಏನೋ ಆ ಮಗುವಿಗೆ ಆಗಿರುತ್ತದೆ. ಮೆಲ್ಲಗೆ ಕೇಳಿ, ನಂಬಿ. ಮಕ್ಕಳ ಸಹಾಯವಾಣಿ 1098.

ದೆವ್ವ ಬಿಡಿಸುವವರ ಹತ್ತಿರ ಹೋಗಬೇಕಾ?

ನಮ್ಮ ಮನೆಗೂ ಒಬ್ಬರು ಬಂದಿದ್ದರು. ನಿಂಬೆಹಣ್ಣು ಕೊಯ್ದರು, ಒಳಗೆ ಕೆಂಪಾಯಿತು. ಅತ್ತೆ ಕುಸಿದು ಕೂತರು. 21 ಸಾವಿರ ಕೇಳಿದರು. ಆಮೇಲೆ ಮಗಳು ಅಡುಗೆಮನೆಯಲ್ಲಿ ಚಾಕುವಿಗೆ ದಾಸವಾಳ ಹೂ ಉಜ್ಜಿ ಒಣಗಿಸಿ ನಿಂಬೆ ಕೊಯ್ದು ತೋರಿಸಿದಳು. ಹುಳಿ ತಾಕಿದ ಕೂಡಲೇ ಕೆಂಪು. ಅರಿಶಿನ, ಸುಣ್ಣ ಸೇರಿದರೆ ಓಕುಳಿ ಕೆಂಪಾಗುವುದು ನಮಗೆಲ್ಲ ಗೊತ್ತೇ ಇದೆ ಅಲ್ವಾ. ತಾನಾಗಿ ಉರಿಯುವ ತೆಂಗಿನಕಾಯಿಗೆ ಪೊಟ್ಯಾಸಿಯಂ ಪರ್ಮಾಂಗನೇಟ್ ಮತ್ತು ಗ್ಲಿಸರಿನ್ ಸಾಕು.

ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ವೈಸ್ ಚಾನ್ಸಲರ್ ಆಗಿದ್ದಾಗ 1976ರಲ್ಲಿ ಪವಾಡಗಳನ್ನು ಪರೀಕ್ಷಿಸಲು ಸಮಿತಿಯನ್ನೇ ಮಾಡಿದ್ದರು. ಪ್ರಶ್ನೆ ಕೇಳುವುದು ಅಪಚಾರ ಅಲ್ಲ ಅಂತ ನಮ್ಮ ನಾಡಿನ ಹಿರಿಯರೇ ತೋರಿಸಿದ್ದಾರೆ.

ಕಾನೂನೂ ಇದೆ. ವಾಮಾಚಾರ ತಡೆ ಕಾಯ್ದೆ ಅಂತ ಜನ ಕರೆಯುವ ಕರ್ನಾಟಕದ 2017ರ ಕಾಯ್ದೆ 2020ರ ಜನವರಿಯಿಂದ ಜಾರಿಯಲ್ಲಿದೆ. ದೆವ್ವ ಬಿಡಿಸುತ್ತೇವೆ ಅಂತ ಹೊಡೆಯುವುದು, ಕಟ್ಟಿಹಾಕುವುದು ಅಪರಾಧ. ಒಂದರಿಂದ ಏಳು ವರ್ಷದವರೆಗೆ ಜೈಲು, 5,000ದಿಂದ 50,000 ರೂಪಾಯಿವರೆಗೆ ದಂಡ. ಬೇವಿನ ಬರಲು ಎತ್ತಿದ ಕೂಡಲೇ 112ಕ್ಕೆ ಫೋನ್ ಮಾಡಿ. ಮಹಿಳೆಯರಿಗೆ 181 ಇದೆ.

ಹಾಗಾದರೆ ದೃಷ್ಟಿ ತೆಗೆಯುವುದು, ಪೂಜೆ ಮಾಡಿಸುವುದು ತಪ್ಪಾ?

ತಪ್ಪೇನಿಲ್ಲ. ಅತ್ತೆ ಇವತ್ತಿಗೂ ಅಮಾವಾಸ್ಯೆಗೆ ಮಕ್ಕಳಿಗೆ ಉಪ್ಪು ಮೆಣಸಿನಕಾಯಿ ನಿವಾಳಿಸುತ್ತಾರೆ. ಮೊಮ್ಮಕ್ಕಳ ತಲೆ ಮೇಲೆ ಅಜ್ಜಿಯ ಕೈ ಆಡಿದರೆ ಅವರಿಗೆ ಒಳ್ಳೆಯದೇ. ಮೆಣಸಿನಕಾಯಿ ಘಾಟು ಬರದಿದ್ದರೆ ದೃಷ್ಟಿ ಆಗಿತ್ತು ಅಂತ ಮಾತ್ರ ತೀರ್ಮಾನಿಸಬೇಡಿ. ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ. ಪೂಜೆ ಮಾಡಿಸಿ, ವೈರಿಂಗ್ ಕೂಡ ತೋರಿಸಿ. ಯಾರಿಗೂ ನೋವಾಗಬಾರದು, ಸಾಲ ಆಗಬಾರದು, ಡಾಕ್ಟರ್ ಹತ್ತಿರ ಹೋಗುವುದು ತಡ ಆಗಬಾರದು.

ಡಾಕ್ಟರ್ ಹತ್ತಿರ ಯಾವಾಗ ಹೋಗಬೇಕು?

ಒಬ್ಬರಿಗೇ ಕೇಳಿಸುತ್ತಿದ್ದರೆ, ಹಗಲೂ ಕೇಳಿಸುತ್ತಿದ್ದರೆ, ಆ ದನಿ ಅವರನ್ನು ಬೈಯುತ್ತಿದ್ದರೆ, ಹೀಗೆ ಮಾಡು ಅಂತ ಹೇಳುತ್ತಿದ್ದರೆ. ನಿದ್ದೆ, ಊಟ, ಸ್ನಾನ ಬಿಟ್ಟರೆ. ಕರಕಲು ವಾಸನೆ ಬಂದು ಕೆಲವು ನಿಮಿಷ ಮೈಮರೆತರೆ. ಅದು ಒಂದು ಬಗೆಯ ಮೂರ್ಛೆರೋಗ ಇರಬಹುದು.

ಬಾಣಂತಿಗೆ ಆದರೆ ಆ ದಿನವೇ ಕರೆದುಕೊಂಡು ಹೋಗಿ. ಹಿರಿಯರು ಬಾಣಂತಿ ಸನ್ನಿ ಅನ್ನುತ್ತಾರಲ್ಲ, ಅದು ಸಾವಿರ ಹೆರಿಗೆಗಳಲ್ಲಿ ಒಂದೆರಡರಲ್ಲಿ ಬರುವ ಕಾಯಿಲೆ, ಸಾಮಾನ್ಯವಾಗಿ ಮೊದಲ ಎರಡು ವಾರದಲ್ಲಿ. ಔಷಧಿಗೆ ವಾಸಿಯಾಗುತ್ತದೆ. ಹೊರಗಿನ ಗಾಳಿ ಅಂತ ಕಾಯುತ್ತ ಕೂತರೆ ತಾಯಿ-ಮಗು ಇಬ್ಬರ ಜೀವಕ್ಕೂ ಅಪಾಯ.

ನಮ್ಮ ಕಡೆಯವರಿಗೆ ದೂರ ಹೋಗುವುದೂ ಬೇಕಿಲ್ಲ. ಧಾರವಾಡದಲ್ಲಿ ಡಿಮ್ಹಾನ್ಸ್ ಇದೆ. 1845ರಿಂದ ನಡೆದು ಬಂದ ಮಾನಸಿಕ ಆಸ್ಪತ್ರೆ ಅದು. ಗದಗ, ಹಾವೇರಿಯ ಜಿಲ್ಲಾ ಆಸ್ಪತ್ರೆಯಲ್ಲೂ ಕೇಳಿ. ಮನೆಯಿಂದಲೇ ಮಾತಾಡಬೇಕು ಅಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416, ಹಗಲು ರಾತ್ರಿ, ಕನ್ನಡದಲ್ಲೇ, ದುಡ್ಡಿಲ್ಲದೆ.

ಮಕ್ಕಳಿಗೆ ಏನು ಹೇಳಬೇಕು?

ಗೊತ್ತಿದ್ದಷ್ಟು ನಿಜ ಹೇಳಿ. "ಸದ್ದು ಬರುತ್ತಿದೆ, ನಾವು ಹುಡುಕುತ್ತಿದ್ದೇವೆ." ಊಟ ಮಾಡಿಸಲು ಗುಮ್ಮನನ್ನು ಕರೆಯಬೇಡಿ. ನಮ್ಮ ಮಗಳು ಹುಡುಕಾಟಕ್ಕೆ ಸೇರಿದ ಮೇಲೆ ಒಬ್ಬಳೇ ಬಚ್ಚಲಿಗೆ ಹೋಗತೊಡಗಿದಳು. ಅಟ್ಟದ ಮೇಲಿನ ಕಾಲು ಗುರುತಿನ ಚಿತ್ರ ಬರೆದು ಅಳತೆ ಹಾಕಿದ್ದು ಅವಳೇ.

ಉತ್ತರ ಸಿಗದೆ ಏನಾದರೂ ಉಳಿದಿದೆಯಾ?

ಒಂದಿದೆ.

ಮಾವ ನಶ್ಯ ಏರಿಸುತ್ತಿದ್ದರು. ಪಡಸಾಲೆಯ ಆರಾಮ ಕುರ್ಚಿ ಅವರದು. ಅವರು ಹೋಗಿ ಆರು ತಿಂಗಳಾದ ಮೇಲೆ, ಒಂದು ಸಂಜೆ ನಾನು ಮತ್ತು ಮಗಳು ಕಡಲೆ ಸುಲಿಯುತ್ತ ಕೂತಿದ್ದಾಗ ನಶ್ಯದ ವಾಸನೆ ಬಂತು. ನಾನು ತಲೆ ಎತ್ತಿದೆ. ಅವಳೂ ಎತ್ತಿದ್ದಳು. ಇಬ್ಬರೂ ಬೇರೆ ಬೇರೆ ಚೀಟಿಯಲ್ಲಿ ಬರೆದೆವು. ಒಂದೇ ಮಾತು. ಕುರ್ಚಿಯ ಬಟ್ಟೆ ಒಗೆದಿತ್ತು. ಮನೆಯಲ್ಲಿ ನಶ್ಯ ಹಾಕುವವರು ಯಾರೂ ಇಲ್ಲ, ಪಕ್ಕದ ಮನೆಗಳಲ್ಲೂ ಕೇಳಿ ನೋಡಿದೆ. ಗಾಳಿಯ ದಿಕ್ಕು, ಮಳೆ, ಹೊತ್ತು ಎಲ್ಲಾ ಬರೆದೆ. ನೋಟ್‌ಬುಕ್‌ನಲ್ಲಿ ಅಂಥ ಐದು ಸಂಜೆಗಳಿವೆ. ಯಾವುದಕ್ಕೂ ಯಾವುದೂ ಹೊಂದಲಿಲ್ಲ. ಆಮೇಲೆ ಬಂದಿಲ್ಲ.

ಹಳೆ ಮರಕ್ಕೆ ಹಿಡಿದ ವಾಸನೆ ತೇವಕ್ಕೆ ಎದ್ದಿರಬಹುದು ಅಂತ ನಮ್ಮ ಮನೆಯವರು ಹೇಳುತ್ತಾರೆ. ಇರಬಹುದು. ಆ ಐದರಲ್ಲಿ ಮಳೆ ಇದ್ದದ್ದು ಎರಡು ದಿನ. ಅತ್ತೆ ಏನೂ ಹೇಳುವುದಿಲ್ಲ. ಒಗೆದ ಬಟ್ಟೆ ಮಡಚಿ ಎಲ್ಲಿ ಬೇಕಾದರೂ ಇಡಬಹುದು, ಆ ಕುರ್ಚಿಯ ಮೇಲೆ ಮಾತ್ರ ಇಡಲು ಬಿಡುವುದಿಲ್ಲ.